ವಾಪಸ್ ವಕೀಲರ ತಿದ್ದುಪಡಿ

ಕೋರ್ಟಿನ ಆವರಣದಲ್ಲಿ ಅವರಿಗೆ ವಾಪಸ್ ವಕೀಲರು ಎಂದೇ ಹೆಸರು. ಟೈಪು ಹೊಡೆಯುವವನಿಂದ ಹಿಡಿದು ನ್ಯಾಯಾಧೀಶರ ಕಾರು ಓಡಿಸುವವನವರೆಗೆ ಯಾರನ್ನು ಕೇಳಿದರೂ, ‘ಓ, ವಾಪಸ್ ವಕೀಲ್ರಾ? ಮೂರನೇ ಮಹಡಿ, ಕೊನೇ ಕೋಣೆ’ ಎಂದು ಕೈ ತೋರಿಸುತ್ತಿದ್ದರು. ಎದುರಿಗೆ ಹಾಗೆ ಯಾರೂ ಕರೆಯುತ್ತಿರಲಿಲ್ಲ ಬಿಡಿ, ಅಷ್ಟರಮಟ್ಟಿಗೆ ಮರ್ಯಾದೆ ಉಳಿದಿತ್ತು. ಅವರಿಗೂ ಗೊತ್ತಿತ್ತು. ಬೇಜಾರಿರಲಿಲ್ಲ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತೋ ಏನೋ.

ಯಾಕೆಂದರೆ ಮೂವತ್ತು ವರ್ಷದ ವಕೀಲಿಕೆಯಲ್ಲಿ ಅವರ ಅರ್ಜಿಗಳು ವಜಾ ಆದದ್ದು ಬೆರಳಲ್ಲಿ ಎಣಿಸುವಷ್ಟು ಮಾತ್ರ. ಗೆಲ್ಲುತ್ತಿದ್ದರು ಅಂತಲ್ಲ. ಸೋಲುವ ಮುಂಚೆಯೇ ಅರ್ಜಿ ವಾಪಸ್ ತಗೊಂಡು ಬರುತ್ತಿದ್ದರು. ವಾದ ಮಾಡುತ್ತ ಮಾಡುತ್ತ ಅವರ ಕಣ್ಣು ಕಾಗದದ ಮೇಲೆ ಇರುತ್ತಿರಲಿಲ್ಲ, ನ್ಯಾಯಾಧೀಶರ ಮುಖದ ಮೇಲೆ ಇರುತ್ತಿತ್ತು. ಪೆನ್ನು ಕೆಳಗಿಟ್ಟರೆ ಒಂದು ಲಕ್ಷಣ. ಕಾಗದ ಮಡಚಿದರೆ ಇನ್ನೊಂದು. ಕನ್ನಡಕ ತೆಗೆದು, ‘ನಿಮ್ಮ ಕಕ್ಷಿದಾರರ ಕಷ್ಟ ನನಗೆ ಅರ್ಥವಾಗುತ್ತೆ ವಕೀಲರೇ’ ಎಂದು ಮೆತ್ತಗೆ ಶುರು ಮಾಡಿದರಂತೂ ಮುಗಿಯಿತು, ಅದರ ಹಿಂದೆಯೇ ಪೆಟ್ಟು ಬರುತ್ತದೆ. ಆ ಪೆಟ್ಟು ಬೀಳುವ ಮೊದಲೇ ವಕೀಲರು ನಡು ಬಗ್ಗಿಸಿ ಹೇಳಿಬಿಡುತ್ತಿದ್ದರು: ‘ಮತ್ತೆ ಸಲ್ಲಿಸುವ ಹಕ್ಕನ್ನು ಕಾಯ್ದಿರಿಸಿಕೊಂಡು ಈ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತೇನೆ ಸ್ವಾಮಿ.’ ವಜಾ ಆದ ಅರ್ಜಿಗೆ ಬಾಗಿಲು ಮುಚ್ಚಿತು. ಹೀಗೆ ವಾಪಸ್ ಬಂದ ಅರ್ಜಿಯನ್ನು ಇನ್ನಷ್ಟು ದಾಖಲೆ ಸೇರಿಸಿ ಇನ್ನೊಂದು ದಿನ ಹಾಕಬಹುದು. ಅಷ್ಟರಲ್ಲಿ ನ್ಯಾಯಾಧೀಶರು ಬದಲಾಗಿದ್ದರೂ ಆಗಿರಬಹುದು. ಕಾನೂನಿನ ಲೆಕ್ಕದಲ್ಲಿ ಇದರಲ್ಲಿ ತಪ್ಪೇನೂ ಇಲ್ಲ.

ಇದನ್ನು ಜಾಣತನ ಅಂದವರಿದ್ದಾರೆ. ಎಂಥಾ ಜಾಣತನ! ಅದು ಹೆದರಿಕೆ, ಅಪ್ಪಟ ಹೆದರಿಕೆ. ಕೇಸು ಕೂಗುವ ಮೊದಲು ಅವರು ಎರಡು ಸಲವಾದರೂ ಶೌಚಾಲಯಕ್ಕೆ ಹೋಗಿ ಬರಬೇಕು. ಅಂಗೈ ಬೆವರಿಗೆ ಫೈಲಿನ ರಟ್ಟು ಒದ್ದೆಯಾಗಿರುತ್ತಿತ್ತು. ಯಾರಾದರೂ ಗಟ್ಟಿಯಾಗಿ ‘ಇಲ್ಲ’ ಅಂದರೆ ಅವರಿಗೆ ಈ ವಯಸ್ಸಿನಲ್ಲೂ ಬೈಸಿಕೊಂಡ ಹುಡುಗನ ಹಾಗಾಗುತ್ತಿತ್ತು. ಆ ಒಂದು ಮಾತು ಕಿವಿಗೆ ಬೀಳದ ಹಾಗೆ ಬದುಕುವುದು ಹೇಗೆ ಎನ್ನುವುದನ್ನೇ ಅವರು ಕಲಿತದ್ದು, ಅದಕ್ಕೇ ವಕೀಲಿಕೆ ಅಂತ ಹೆಸರಿಟ್ಟುಕೊಂಡಿದ್ದರು.

ಅವರ ಅಕ್ಕ ಇದಕ್ಕೆ ತದ್ವಿರುದ್ಧ. ತಮ್ಮನಿಗಿಂತ ಎಂಟು ವರ್ಷ ದೊಡ್ಡವಳು. ತಾಯಿ ಇಲ್ಲದ ಮನೆಯಲ್ಲಿ ಅವನ ಮೂಗು ಒರೆಸಿ, ಕೈ ಹಿಡಿದು ಶಾಲೆಗೆ ಬಿಟ್ಟು, ತಾನು ಬಟ್ಟೆ ಗಿರಣಿಗೆ ನೂಲು ಸುತ್ತಲು ಹೋದವಳು. ಗಿರಣಿಯ ಹಿಂದೆ ಕೆಲಸಗಾರರಿಗೆ ಕಟ್ಟಿಸಿದ ಸಾಲುಮನೆಗಳಿದ್ದವು, ಒಟ್ಟು ನಲವತ್ತಾರು. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಅದರಲ್ಲಿ ಹನ್ನೊಂದನೆಯದು ಅಕ್ಕನದು. ಒಮ್ಮೆ ಮೇಲ್ವಿಚಾರಕನೊಬ್ಬ, ಹೆಂಗಸರು ಹೊತ್ತು ಕಳೆಯುತ್ತಾರೆ ಅಂತ ಅವರ ಶೌಚಾಲಯಕ್ಕೆ ಬೀಗ ಜಡಿದನಂತೆ. ಅಕ್ಕ ಯಾರ ಹತ್ತಿರವೂ ದೂರು ಹೇಳಲಿಲ್ಲ. ಫಿಟ್ಟರ್ ಹತ್ತಿರ ಸುತ್ತಿಗೆ ಇಸಕೊಂಡು ಹೋಗಿ ಬೀಗ ಒಡೆದಳು, ಒಡೆದ ಬೀಗವನ್ನು ಅವನ ಮೇಜಿನ ಮೇಲೆ ಇಟ್ಟು, ‘ಇದು ನಿಮ್ದಂತೆ, ತಗೊಳ್ಳಿ’ ಅಂದಳು. ಗಿರಣಿ ಮುಚ್ಚಿದ ಮೇಲೂ ಅವಳು ಅಲ್ಲೇ ಉಳಿದಳು. ಬಾಗಿಲಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡು ಹೊಲಿಯುತ್ತ, ಹೋಗಿ ಬರುವವರಿಗೆಲ್ಲ ಬುದ್ಧಿ ಹೇಳುತ್ತ, ಸಾಲಿನ ಜಗಳಗಳನ್ನೆಲ್ಲ ಕೂತಲ್ಲೇ ತೀರ್ಮಾನ ಮಾಡುತ್ತಿದ್ದಳು. ಮದುವೆಯಾಗಲಿಲ್ಲ. ಕೇಳಿದವರಿಗೆ, ‘ಇವನೊಬ್ಬನ್ನ ಸಾಕಿದ್ದೇ ಸಾಕಾಯ್ತು ಕಣ್ರೇ’ ಅನ್ನುತ್ತಿದ್ದಳು.

ಇಂಥ ಹೆದರುಪುಕ್ಕಲ ಶಾಸಕನಾದದ್ದು ಹೇಗೆ ಅಂತೀರಾ? ಹೆದರುಪುಕ್ಕಲ ಅಂತಲೇ ಆದದ್ದು. ಚುನಾವಣೆಗೆ ಯಾರನ್ನು ನಿಲ್ಲಿಸಬೇಕು ಅಂತ ಪಕ್ಷದಲ್ಲಿ ಎರಡು ಬಣ. ಇವರು ಹೇಳಿದವನು ಅವರಿಗೆ ಬೇಡ, ಅವರು ಹೇಳಿದವನು ಇವರಿಗೆ ಆಗುವುದಿಲ್ಲ. ಕೊನೆಗೆ ಯಾರಿಗೂ ಎದುರಾಡಿ ಗೊತ್ತಿಲ್ಲದ ಒಬ್ಬ ಮನುಷ್ಯನನ್ನು ಹುಡುಕುತ್ತ ಮೂರನೇ ಮಹಡಿಯ ಕೊನೇ ಕೋಣೆಗೆ ಬಂದರು. ವಕೀಲರಿಗೆ ‘ಆಗಲ್ಲ’ ಅನ್ನಲು ಧೈರ್ಯ ಬರಲಿಲ್ಲ. ಮತ ಎಣಿಸುವ ದಿನ ಸೋಲುತ್ತೇನೋ ಅಂತ ಒಂದು ಹೆದರಿಕೆ, ಗೆದ್ದುಬಿಟ್ಟರೆ ಏನು ಗತಿ ಅಂತ ಇನ್ನೊಂದು. ಗೆದ್ದರು. ಸಾಲುಮನೆಯವರು ಅಕ್ಕನನ್ನು ಕುರ್ಚಿ ಸಮೇತ ಎತ್ತಿ ಕುಣಿದರು.

ಸದನದಲ್ಲಿ ಅವರ ಜಾಗ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ. ಮೂರು ವರ್ಷ ಅವರು ಬಾಯಿ ತೆರೆದದ್ದು ‘ಹೌದು’ ಅನ್ನುವುದಕ್ಕೆ ಮಾತ್ರ. ಅದೂ ನಾಲ್ಕು ಜನರ ದನಿಯ ಜೊತೆ ಸೇರಿಸಿ. ಆದರೆ ಒಂದು ಕೆಲಸ ಮಾತ್ರ ಅವರಷ್ಟು ಶ್ರದ್ಧೆಯಿಂದ ಯಾರೂ ಮಾಡುತ್ತಿರಲಿಲ್ಲ. ಮಸೂದೆಗಳನ್ನು ಓದುತ್ತಿದ್ದರು. ಉಳಿದವರು ಆ ಕಾಗದದ ಕಟ್ಟುಗಳಿಂದ ಗಾಳಿ ಹಾಕಿಕೊಳ್ಳುವಾಗ ಇವರು ಪೆನ್ಸಿಲ್ ಹಿಡಿದು ಒಂದೊಂದು ಖಂಡವನ್ನೂ ಗೀರಿ ಗೀರಿ ಓದುವರು. ‘ವಕೀಲ್ರೇ, ಇದ್ರಲ್ಲಿ ಏನಿದೆ, ಎರಡು ಮಾತಲ್ಲಿ ಹೇಳಿ’ ಅಂತ ಕೇಳಿ ಎಷ್ಟೋ ಜನ ಅದರಿಂದಲೇ ಭಾಷಣ ಬಿಗಿದು ಚಪ್ಪಾಳೆ ಹೊಡೆಸಿಕೊಂಡರು. ವಕೀಲರಿಗೆ ಅಷ್ಟೇ ಸಾಕಿತ್ತು.

ಹೀಗೆ ಒಂದು ಮಧ್ಯಾಹ್ನ ಶಾಸಕರ ವಸತಿಗೃಹದ ಕೋಣೆಯಲ್ಲಿ ಊಟ ಮುಗಿಸಿ ಹೊಸ ಮಸೂದೆ ತೆಗೆದರು. ಮುಚ್ಚಿದ ಗಿರಣಿಗಳ ಜಮೀನನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳುವ ಮಸೂದೆ. ಎಂಟು ಖಂಡ ಓದಿದರು. ಒಂಬತ್ತನೆಯದಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ‘ಸದರಿ ಜಮೀನಿನಲ್ಲಿರುವ ಕೆಲಸಗಾರರ ವಸತಿಗಳನ್ನು ಹದಿನೈದು ದಿನಗಳ ನೋಟಿಸು ನೀಡಿ ತೆರವುಗೊಳಿಸತಕ್ಕದ್ದು.’ ಅಷ್ಟೇ. ಎಲ್ಲಿಗೆ ಹೋಗಬೇಕು, ಯಾರು ಜಾಗ ಕೊಡುತ್ತಾರೆ, ಒಂದಕ್ಷರ ಇಲ್ಲ. ವಕೀಲರು ಹಾಳೆ ತಿರುವಿ ಕೊನೆಯ ಪಟ್ಟಿ ನೋಡಿದರು. ಪಟ್ಟಿಯಲ್ಲಿ ಆರು ಗಿರಣಿಗಳಿದ್ದವು, ನಾಲ್ಕನೆಯದು ಅಕ್ಕನದು.

ಫೋನು ಮಾಡಿದರು. ಅಕ್ಕನಿಗೆ ವಿಷಯ ತಿಳಿಯಲು ಎರಡು ನಿಮಿಷ ಹಿಡಿಯಿತು, ತೀರ್ಮಾನಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

‘ನೀನು ಎದ್ದು ಹೇಳು.’

‘ಅಕ್ಕಾ, ಅದು ನಮ್ಮ ಸರ್ಕಾರದ್ದೇ ಮಸೂದೆ.’

‘ಅದಕ್ಕೇ ಹೇಳು ಅಂದಿದ್ದು. ಬೇರೆಯವ್ರ ಮಾತು ಯಾಕೆ ಕೇಳ್ತಾರೆ ಅವ್ರು? ನಲವತ್ತಾರು ಮನೆ ಕಣೋ. ಮೂಲೇಲಿ ಆ ಕುರುಡಜ್ಜ ಇದಾನೆ, ಗೋಡೆ ಮುಟ್ಕೊಂಡು ನಲ್ಲಿಗೆ ಹೋಗಿ ಬರ್ತಾನೆ. ಬೇರೆ ಕಡೆ ಹಾಕಿದ್ರೆ ಅವನಿಗೆ ಗೋಡೆನೇ ಗೊತ್ತಿರಲ್ಲ.’

ವಕೀಲರು ತಿದ್ದುಪಡಿ ಬರೆದರು. ಬರೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಬಿಡಿ. ಒಂದೇ ವಾಕ್ಯ: ‘ಪರಂತು, ಬದಲಿ ವಸತಿಯನ್ನು ಒದಗಿಸಿದ ಹೊರತು ಯಾವುದೇ ನಿವಾಸಿಯನ್ನು ತೆರವುಗೊಳಿಸತಕ್ಕದ್ದಲ್ಲ.’ ಸಹಿ ಹಾಕುವ ಮೊದಲು ವಸತಿ ಮಂತ್ರಿಗಳ ಬಳಿ ಹೋದರು. ಮಂತ್ರಿಗಳು ದಪ್ಪ ದೇಹದ, ಕಡಿಮೆ ಮಾತಿನ ಮನುಷ್ಯ. ಕಾಗದ ಓದಿ, ‘ಹ್ಞೂಂ. ಮಂಡಿಸಿ, ನೋಡೋಣ’ ಅಂದರು. ಮಂತ್ರಿಗಳ ಬಾಯಲ್ಲಿ ‘ನೋಡೋಣ’ ಬಂದರೆ ಅದಕ್ಕೆ ಹತ್ತು ಅರ್ಥ. ವಕೀಲರು ಆ ಹತ್ತನ್ನೂ ಮೂರು ದಿನ ತಿರುವಿ ಹಾಕಿದರು. ಊಟ ಸೇರಲಿಲ್ಲ. ಕನ್ನಡಿಯ ಮುಂದೆ ನಿಂತು ನಾಲ್ಕು ನಿಮಿಷದ ಭಾಷಣ ಇಪ್ಪತ್ತು ಸಲ ಒಪ್ಪಿಸಿದರು.

ಆ ದಿನ ಬಂತು. ‘ಮಾನ್ಯ ಸದಸ್ಯರು ತಮ್ಮ ತಿದ್ದುಪಡಿ ಮಂಡಿಸಬಹುದು’ ಎಂದು ಸಭಾಧ್ಯಕ್ಷರು ಅಂದಾಗ ವಕೀಲರ ಮಂಡಿ ಮೇಜಿಗೆ ತಗುಲಿ ಲೋಟದ ನೀರು ತುಳುಕಿತು. ಆದರೂ ಎದ್ದರು. ಮಾತಾಡಿದರು. ನಂಬಿ, ಚೆನ್ನಾಗಿಯೇ ಮಾತಾಡಿದರು. ಕುರುಡಜ್ಜನ ಗೋಡೆಯ ಮಾತು ಬಂದಾಗ ಗಾಳಿ ಹಾಕಿಕೊಳ್ಳುತ್ತಿದ್ದ ಕೈಗಳು ನಿಂತವು. ಅತ್ತ ಸಾಲುಮನೆಯಲ್ಲಿ ಹದಿನಾಲ್ಕನೇ ಮನೆಯ ಟಿವಿಯ ಮುಂದೆ ಅಕ್ಕ, ಅವಳ ಹಿಂದೆ ಮೂವತ್ತು ಜನ. ‘ಅದೋ ನಮ್ಮಣ್ಣ!’ ಅಂತ ಯಾರೋ ಕಿರುಚಿದರೆ ಅಕ್ಕ, ‘ಸುಮ್ಮನಿರ್ರೋ, ಕೇಳಿಸ್ಕೊಳ್ಳೋಣ’ ಅಂತ ಗದರಿದಳಂತೆ.

ವಕೀಲರು ಕೂತರು. ಮಂತ್ರಿಗಳು ಎದ್ದರು. ಎದ್ದವರು ಕೈಯಲ್ಲಿದ್ದ ಹಾಳೆಯನ್ನು ಒಮ್ಮೆ ನೋಡಿದರು, ನಿಧಾನಕ್ಕೆ ಮಡಚಿದರು, ಮೇಜಿನ ಮೇಲಿಟ್ಟರು. ಆಮೇಲೆ ಕನ್ನಡಕ ತೆಗೆದರು.

ವಕೀಲರ ಕಣ್ಣು ಆ ಕನ್ನಡಕದ ಮೇಲೇ ನಿಂತಿತು.

‘ಸಭಾಧ್ಯಕ್ಷರೇ, ಮಾನ್ಯ ಸದಸ್ಯರ ಕಳಕಳಿ ನನಗೆ ಅರ್ಥವಾಗುತ್ತದೆ’ ಎಂದರು ಮಂತ್ರಿಗಳು ಮೆತ್ತಗೆ. ‘ಆ ಮನೆಗಳಲ್ಲಿ ಇರುವವರು ನಮ್ಮವರೇ. ನಾನು…’

ಮೂವತ್ತು ವರ್ಷ ನೋಡಿದ ಮುಖ ಅದು. ಮಡಚಿದ ಕಾಗದ, ತೆಗೆದ ಕನ್ನಡಕ, ಮೆತ್ತಗಿನ ದನಿ. ಪೆಟ್ಟು ಬರುತ್ತಿದೆ, ಈಗ ಬಿತ್ತು, ಇನ್ನೇನು ಬಿತ್ತು! ತಿದ್ದುಪಡಿ ಬಿದ್ದುಹೋದರೆ ಬಾಗಿಲು ಮುಚ್ಚಿತು, ಅಕ್ಕನ ಮನೆ ಹೋಯಿತು. ಏನು ಮಾಡುತ್ತಿದ್ದೇನೆ ಅಂತ ತಿಳಿಯುವ ಮೊದಲೇ ವಕೀಲರು ಎದ್ದು ನಿಂತಿದ್ದರು, ನಡು ಬಗ್ಗಿತ್ತು, ಮಾತು ತನ್ನಷ್ಟಕ್ಕೆ ಹೊರಟಿತ್ತು.

‘ಮತ್ತೆ ಸಲ್ಲಿಸುವ ಹಕ್ಕನ್ನು ಕಾಯ್ದಿರಿಸಿಕೊಂಡು ನನ್ನ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳುತ್ತೇನೆ ಸ್ವಾಮಿ.’

ಆಮೇಲೆ ವಿರೋಧ ಪಕ್ಷದ ಕಡೆಯಿಂದ ಯಾರೋ, ‘ಇದು ಕೋರ್ಟಲ್ಲ ವಕೀಲ್ರೇ!’ ಅಂದರು, ಸದನ ಗೊಳ್ಳೆಂದು ನಕ್ಕಿತು. ಸಭಾಧ್ಯಕ್ಷರೂ ನಕ್ಕರು. ‘ಹಿಂತೆಗೆದುಕೊಳ್ಳಲು ಸದನದ ಒಪ್ಪಿಗೆ ಇದೆಯೇ?’ ‘ಹೌದು!’ ಅಂತ ನೂರು ಬಾಯಿ. ಮಂತ್ರಿಗಳು ನಿಂತಲ್ಲೇ ಭುಜ ಕುಣಿಸಿ, ಕನ್ನಡಕ ಹಾಕಿಕೊಂಡು ಕೂತರು. ಒಂಬತ್ತನೇ ಖಂಡ ಇದ್ದ ಹಾಗೇ ಅಂಗೀಕಾರವಾಯಿತು. ಹತ್ತು, ಹನ್ನೊಂದು, ಹನ್ನೆರಡು. ಚಹಾ ಹೊತ್ತಿಗೆ ಮಸೂದೆಯೇ ಅಂಗೀಕಾರವಾಗಿಹೋಯಿತು.

ಮೊಗಸಾಲೆಯಲ್ಲಿ ಮಂತ್ರಿಗಳು ಎದುರಾದರು. ಸುತ್ತ ಯಾರೂ ಇರಲಿಲ್ಲ.

‘ಏನ್ರೀ ವಕೀಲ್ರೇ ನೀವು? ಇಲಾಖೆಯವ್ರು ಬೇಡ ಅಂತ ಬರೆದುಕೊಟ್ಟಿದ್ರು. ನಿಮ್ಮ ಮಾತು ಕೇಳಿದ್ಮೇಲೆ ಆ ಹಾಳೆ ಮಡಚಿಟ್ಟೆ. ಒಪ್ಕೊಂಡ್ಬಿಡೋಣ ಅಂತಲೇ ಎದ್ದಿದ್ದು ನಾನು. ನೀವೇ ಬೇಡ ಅಂದ್ರಿ.’

ವಕೀಲರು ತಡವರಿಸಿದರು. ‘ಈಗ… ಈಗ ಮತ್ತೆ ಹಾಕಬಹುದಲ್ಲ ಸಾರ್?’

‘ಎಲ್ಲಿ ಹಾಕ್ತೀರಿ? ಆಯ್ತಲ್ಲ ಮಸೂದೆ. ಇನ್ನು ತಿದ್ದಬೇಕಂದ್ರೆ ಬೇರೆ ಮಸೂದೆ ತರಬೇಕು. ಇದಕ್ಕೋಸ್ಕರ ಯಾರು ತರ್ತಾರೆ?’ ಮಂತ್ರಿಗಳು ಗಡಿಯಾರ ನೋಡಿಕೊಂಡು ಹೊರಟರು.

ವಕೀಲರು ಸದನದ ಕಾರ್ಯದರ್ಶಿಯ ಕೋಣೆಗೆ ಓಡಿದರು. ನಲವತ್ತು ವರ್ಷ ಅದೇ ಕುರ್ಚಿಯಲ್ಲಿ ಸವೆದ ಮುದುಕ ಆತ. ‘ಹಕ್ಕು ಕಾಯ್ದಿರಿಸ್ಕೊಂಡಿದೀನಲ್ಲ, ದಾಖಲಾಗಿದೆಯಲ್ಲ?’ ಅಂತ ಇವರು ಕೇಳಿದರೆ ಅವನು ಪಾಪ, ನಗಲಿಲ್ಲ. ‘ದಾಖಲಾಗಿದೆ ಸ್ವಾಮಿ, ನೀವಾಡಿದ ಮಾತು ಅಂತ. ಆದ್ರೆ ಇಲ್ಲಿ ಅಂಥ ಹಕ್ಕೇ ಇಲ್ಲ’ ಅಂದ. ಕೂರಲು ಕುರ್ಚಿ ಕೊಟ್ಟ, ನೀರು ಕೊಟ್ಟ.

ಅಷ್ಟರಲ್ಲಿ ಜೇಬಿನಲ್ಲಿ ಫೋನು. ಅಕ್ಕ.

‘ಶಭಾಷ್ ಕಣೋ! ಏನು ಮಾತಾಡ್ದೆ! ಕೊನೇಲಿ ಅದೇನೋ ಹಕ್ಕು ಕಾಯ್ದಿರಿಸ್ಕೊಂಡೆ ಅಂದ್ಯಲ್ಲ, ಎಲ್ರಿಗೂ ಹೇಳ್ದೆ ನಾನು, ನಮ್ಮ ಹಕ್ಕು ಭದ್ರವಾಗಿದೆ, ಇವನು ತೆಗೆದಿಟ್ಟಿದಾನೆ ಅಂತ. ನಾಳೆ ಎಲ್ಲರೂ ಸೇರಿ ಮೆರವಣಿಗೆ ಹೋಗೋಣ ಅಂತಿದ್ರು, ರಾಜ್ಯಪಾಲರು ಸಹಿ ಹಾಕೋ ಮುಂಚೆ ಒಂದು ಮನವಿ ಕೊಡೋಣ ಅಂತ. ಬೇಡ, ನನ್ನ ತಮ್ಮ ನೋಡ್ಕೋತಾನೆ ಅಂದೆ. ಯಾವಾಗ ಹಾಕ್ತೀಯ ಮತ್ತೆ?’

ಅಲ್ಲೇ ಹೇಳಬೇಕಿತ್ತು. ‘ಅಕ್ಕಾ, ತಪ್ಪಾಯ್ತು, ಮೆರವಣಿಗೆ ನಿಲ್ಲಿಸ್ಬೇಡ, ಹೋಗಿ’ ಅನ್ನಬೇಕಿತ್ತು. ಅಷ್ಟು ಅಂದಿದ್ದರೆ ಏನಾಗುತ್ತಿತ್ತೋ ಯಾರಿಗೆ ಗೊತ್ತು. ವಕೀಲರು ಹೇಳಿದ್ದು ಒಂದೇ ಮಾತು: ‘ನೋಡೋಣ ಅಕ್ಕಾ.’

ಮನೆಗೆ ಬಂದು ಹೆಂಡತಿಯ ಹತ್ತಿರ ಬಾಯಿಬಿಟ್ಟರು. ಆಕೆ ಶಾಲೆಯಲ್ಲಿ ಗಣಿತ ಹೇಳುವವಳು, ಮಾತು ನೇರ. ಪೂರ್ತಿ ಕೇಳಿಸಿಕೊಂಡು, ‘ರೀ, ಈಗಲೇ ಹೋಗಿ ಅತ್ತಿಗೆಗೆ ಹೇಳಿ. ಬೈದ್ರೆ ಬೈಸ್ಕೊಳ್ಳಿ. ನಿಮ್ಮನ್ನ ತಿಂದುಹಾಕ್ತಾರಾ?’ ಅಂದಳು.

‘ಹೇಳ್ತೀನಿ. ಒಂದೆರಡು ದಿನ ಹೋಗ್ಲಿ.’

‘ನೀವು ಹೇಳಲ್ಲ’ ಅಂದಳು ಆಕೆ, ಬೇರೇನೂ ಹೇಳದೆ ಉತ್ತರಪತ್ರಿಕೆ ತಿದ್ದಲು ಕೂತಳು.

ಹೇಳಲಿಲ್ಲ. ಮೂರು ಸಲ ಹೊರಟರು. ಒಂದು ಸಲ ಸಾಲುಮನೆಯ ತಿರುವಿನವರೆಗೂ ಹೋಗಿ, ಹೊಲಿಗೆ ಮೆಷಿನ್ನಿನ ಸದ್ದು ಕೇಳಿ, ಕಾಲು ಬಾರದೆ ತಿರುಗಿ ಬಂದರು. ಅವರಿಗೆ ಆಗ ಮನೆ ಹೋಗುತ್ತದಲ್ಲ ಎನ್ನುವುದಕ್ಕಿಂತ, ಅಕ್ಕ ಮುಖ ಎತ್ತಿ ‘ಹೌದೇನೋ?’ ಅಂತ ಕೇಳಿಬಿಟ್ಟರೆ ಎನ್ನುವ ಹೆದರಿಕೆಯೇ ದೊಡ್ಡದಾಗಿತ್ತು. ಫೋನು ಸದ್ದು ಮಾಡಿದರೆ ಬೆಚ್ಚುವರು. ಬಾಗಿಲು ಬಡಿದರೆ ಹೆಂಡತಿಯ ಮುಖ ನೋಡುವರು. ಹನ್ನೊಂದನೇ ದಿನ ರಾಜ್ಯಪಾಲರ ಸಹಿ ಬಿತ್ತು. ಮುಂದಿನ ತಿಂಗಳು ಸಾಲುಮನೆಯ ನಲವತ್ತಾರು ಬಾಗಿಲಿಗೂ ನೋಟಿಸು ಅಂಟಿಸಿ ಹೋದರು.

ಅಕ್ಕ ನೋಟಿಸನ್ನು ಕಿತ್ತು ಕೈಯಲ್ಲಿ ಹಿಡಿದೇ ಮೂರನೇ ಮಹಡಿಗೆ ಬಂದಳು. ಮೊಗದಲ್ಲಿ ಚೂರೂ ಕಳವಳವಿಲ್ಲ. ‘ತಗೋ, ಈಗ ಹಾಕು ನಿನ್ನ ಹಕ್ಕು’ ಅಂದಳು.

ಶಾಸಕರಾದ ಮೇಲೆ ಸರ್ಕಾರದ ವಿರುದ್ಧ ತಾವು ನಿಲ್ಲುವುದು ಸರಿಯಲ್ಲ ಅಂತ ವಕೀಲರು ಕೇಸನ್ನು ತಮ್ಮ ಹಳೆಯ ಜೂನಿಯರ್‌ಗೆ ಒಪ್ಪಿಸಿದರು. ಈಗ ದೊಡ್ಡ ಕೋರ್ಟಿನಲ್ಲಿ ಒಳ್ಳೆಯ ಹೆಸರು ಮಾಡಿದ್ದ ಹೆಂಗಸು ಆಕೆ, ಧೈರ್ಯಸ್ಥೆ. ಸದನದ ನಡಾವಳಿ ತರಿಸಿ ಓದಿದಳು. ಮಂತ್ರಿಗಳು ‘ನಾನು’ ಅಂದು ಅರ್ಧಕ್ಕೆ ನಿಂತ ಮಾತಿನ ಮೇಲೆ ಬೆರಳಿಟ್ಟು ಕೇಳಿದಳು.

‘ಸರ್, ಇವರು ಏನು ಹೇಳೋರಿದ್ರು?’

ವಕೀಲರು ಹೇಳಿದರು. ಮೊಗಸಾಲೆಯ ಮಾತನ್ನೂ ಹೇಳಿದರು.

ಆಕೆಯ ಕಣ್ಣರಳಿತು. ‘ಹಾಗಾದ್ರೆ ಇದನ್ನೇ ಪ್ರಮಾಣಪತ್ರ ಮಾಡಿ ಕೊಡಿ ಸರ್. ಬದಲಿ ಮನೆ ಕೊಡೋದಕ್ಕೆ ಮಂತ್ರಿಗಳು ಸಿದ್ಧ ಇದ್ರು ಅಂತ. ಮಂತ್ರಿಗಳಿಂದ ಉತ್ತರ ತರಿಸೋ ತನಕನಾದ್ರೂ ತಡೆ ಸಿಗುತ್ತೆ. ಆಮೇಲೆ ನೋಡ್ಕೊಳ್ಳೋಣ.’

ಪ್ರಮಾಣಪತ್ರ! ಮಂತ್ರಿ ಗುಟ್ಟಾಗಿ ಆಡಿದ ಮಾತನ್ನು ಕೋರ್ಟಿಗೆ ಬರೆದುಕೊಡುವುದು! ಪಕ್ಷ ಬಿಟ್ಟೀತೇ? ಮಂತ್ರಿಗಳು ‘ನಾನು ಹಾಗೆ ಅಂದೇ ಇಲ್ಲ’ ಅಂದರೆ? ವಕೀಲರು ಫೈಲು ಮುಚ್ಚಿದರು. ‘ಇವತ್ತು ಬೇಡ. ಯೋಚನೆ ಮಾಡಿ ಹೇಳ್ತೀನಮ್ಮ’ ಅಂದರು. ಆಕೆ ನಾಲ್ಕು ಸಲ ಕೇಳಿದಳು. ನಾಲ್ಕು ಸಲವೂ ಅವರು ಯೋಚನೆ ಮಾಡುತ್ತಿದ್ದರು.

ವಿಚಾರಣೆಯ ದಿನ ಬೆಳಿಗ್ಗೆಯೇ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಅಕ್ಕ ಬಂದು ಕೂತಿದ್ದಳು, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಪಕ್ಕದಲ್ಲಿ ಸಾಲುಮನೆಯ ನಾಲ್ಕಾರು ಜನರನ್ನು ಕೂರಿಸಿಕೊಂಡು. ತಮ್ಮನಿಗೆ ಜಾಗ ಹಿಡಿದಿಟ್ಟಿದ್ದಳು. ವಕೀಲರು ಅವಳ ಪಕ್ಕದಲ್ಲಿ ಕೂತರು. ಜೂನಿಯರ್ ಅರ್ಧ ಗಂಟೆ ವಾದ ಮಾಡಿದಳು. ಆಮೇಲೆ ಸರ್ಕಾರಿ ವಕೀಲರು ಎದ್ದರು, ಒಂದೇ ಒಂದು ಪುಸ್ತಕ ಹಿಡಿದು.

‘ಬದಲಿ ವಸತಿ ಕೊಡಬೇಕು ಅನ್ನೋದೇ ಅರ್ಜಿದಾರರ ವಾದ ಸ್ವಾಮಿ. ಅದೇ ತಿದ್ದುಪಡಿ ಸದನದ ಮುಂದೆ ಬಂದಿತ್ತು. ತಂದವರೇ ವಾಪಸ್ ತಗೊಂಡರು. ಅಂದ ಮೇಲೆ ಬದಲಿ ವಸತಿ ಬೇಡ ಅನ್ನೋದು ಸದನದ ಇಂಗಿತ. ನಡಾವಳಿ ಓದುತ್ತೇನೆ.’

ಓದಿದರು. ಕುರುಡಜ್ಜನ ಗೋಡೆಯನ್ನು ಓದಿದರು. ‘ಮಾನ್ಯ ಸದಸ್ಯರ ಕಳಕಳಿ ನನಗೆ ಅರ್ಥವಾಗುತ್ತದೆ’ ಓದಿದರು. ಹಕ್ಕು ಕಾಯ್ದಿರಿಸಿಕೊಂಡದ್ದನ್ನು ಓದಿದರು. ಸದನದ ವರದಿಗಾರರು ಆವರಣದಲ್ಲಿ ಬರೆದಿದ್ದ ‘ನಗು’ ಎಂಬುದನ್ನೂ ಬಿಡದೆ ಓದಿದರು. ಪಕ್ಕದಲ್ಲಿ ಅಕ್ಕನ ಉಸಿರು ನಿಂತ ಹಾಗಾದದ್ದು ವಕೀಲರಿಗೆ ಗೊತ್ತಾಯಿತು. ತಲೆ ತಿರುಗಿಸುವ ಧೈರ್ಯ ಬರಲಿಲ್ಲ.

‘ಮಂತ್ರಿಗಳ ಮಾತು ಅರ್ಧಕ್ಕೆ ನಿಂತಿದೆ ಸ್ವಾಮಿ. ಅವರು ಒಪ್ಪುವವರಿದ್ದರು’ ಅಂದಳು ಜೂನಿಯರ್.

‘ಅದು ನಿಮಗೆ ಹೇಗೆ ಗೊತ್ತು?’ ಎಂದರು ನ್ಯಾಯಾಧೀಶರು. ‘ಯಾರಾದರೂ ಪ್ರಮಾಣಪತ್ರ ಕೊಡುತ್ತಾರೆಯೇ? ಕೊಡುವುದಾದರೆ ಸಂಜೆವರೆಗೆ ಸಮಯ ಕೊಡುತ್ತೇನೆ.’

ಜೂನಿಯರ್ ತಿರುಗಿ ನೋಡಿದಳು. ಸಾಲುಮನೆಯವರೂ ತಿರುಗಿದರು, ಯಾಕೆ ಅಂತ ತಿಳಿಯದೆ. ವಕೀಲರು ಏಳಬೇಕು ಅಂದುಕೊಂಡರು. ನಿಜವಾಗಿಯೂ ಅಂದುಕೊಂಡರು. ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದರು. ಕೈಗೆ ಬಲ ಬಂತು, ಕಾಲಿಗೆ ಬರಲಿಲ್ಲ. ನ್ಯಾಯಾಧೀಶರು ಕಾದರು. ಗೋಡೆಯ ಫ್ಯಾನು ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ತಿರುಗಿತು. ಆಮೇಲೆ ಅವರು ಪೆನ್ನು ಎತ್ತಿಕೊಂಡು ಬರೆದರು, ಅರ್ಜಿ ವಜಾ ಅಂತ.

ಹೊರಗೆ ಮೆಟ್ಟಿಲ ಬಳಿ ಅಕ್ಕ ಸಾಲುಮನೆಯವರನ್ನೆಲ್ಲ ಮುಂದೆ ಕಳಿಸಿ ನಿಂತಳು. ಬೈಯುತ್ತಾಳೆ, ನಾಲ್ಕು ಜನರ ಮುಂದೆ ಕೆನ್ನೆಗೆ ಬಾರಿಸಿದರೂ ಬಾರಿಸಿದಳೇ ಅಂತ ವಕೀಲರು ಕಾದರು. ಹಾಗೆ ಮಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

‘ಮಂತ್ರಿ ಒಪ್ಕೋತಿದ್ನೇನೋ?’

‘ಹ್ಞೂಂ ಅಕ್ಕಾ.’

‘ನೀನು ಇನ್ನೊಂದು ನಿಮಿಷ ಕೂತಿದ್ರೆ?’

‘ನಿಮಿಷವೂ ಬೇಕಿರ್ಲಿಲ್ಲ.’

‘ಮೆರವಣಿಗೆ ಹೋಗೋದನ್ನ ನಾನು ನಿಲ್ಲಿಸ್ದೆ.’

ವಕೀಲರು ಕಾಲ ಕೆಳಗಿನ ಮೆಟ್ಟಿಲನ್ನು ನೋಡಿದರು.

‘ಈಗ ಒಳಗೆ ಅವರು ಕೇಳಿದ್ದು ನಿನ್ನನ್ನೇ ಅಲ್ವಾ? ಆ ಹುಡುಗಿ ತಿರುಗಿ ನಿನ್ನೇ ನೋಡಿದ್ಲು.’

‘ಹ್ಞೂಂ.’

ಅಕ್ಕ ಬಹಳ ಹೊತ್ತು ಅವರ ಮುಖ ನೋಡಿದಳು, ಆ ಮುಖದಲ್ಲಿ ಯಾರನ್ನೋ ಹುಡುಕುವ ಹಾಗೆ. ಆಮೇಲೆ ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ವಕೀಲರು ಕೈ ನೀಡಿದರು, ಅದು ಅವಳಿಗೆ ಕಾಣಲಿಲ್ಲವೋ, ಕಂಡರೂ ಬೇಡವೆನಿಸಿತೋ.

ನೋಟಿಸು ಅಂಟಿಸಿದ ಹದಿನೈದನೇ ದಿನ ಸಾಲುಮನೆ ಖಾಲಿಯಾಯಿತು. ಒಬ್ಬೊಬ್ಬರು ಒಂದೊಂದು ದಿಕ್ಕು. ಕುರುಡಜ್ಜನನ್ನು ಅವನ ಮಗಳು ಬಂದು ಕರೆದುಕೊಂಡು ಹೋದಳು. ಅವನು ಹೊರಡುವಾಗ ಗೋಡೆಯನ್ನು ಕೊನೆಯವರೆಗೂ ಮುಟ್ಟಿಕೊಂಡು ಹೋದನಂತೆ. ಯಾರೂ ಅಕ್ಕನನ್ನು ಬೈಯಲಿಲ್ಲ. ಬೈಯುವುದಕ್ಕಿಂತ ಹೆಚ್ಚಿನದನ್ನು ಮಾಡಿದರು, ಅವಳ ಬಾಗಿಲ ಮುಂದೆ ಹಾದುಹೋಗುವಾಗ ಮಾತು ನಿಲ್ಲಿಸಿದರು.

ಅಕ್ಕ ತಮ್ಮನ ಮನೆಗೆ ಬಂದಳು. ಬೇರೆಲ್ಲಿಗೆ ಹೋಗಬೇಕು? ವಕೀಲರ ಹೆಂಡತಿ ರಸ್ತೆಗೆ ಕಾಣುವ ದೊಡ್ಡ ಕೋಣೆಯನ್ನೇ ಬಿಟ್ಟುಕೊಟ್ಟಳು, ಹೊಲಿಗೆ ಮೆಷಿನ್ನನ್ನು ಕಿಟಕಿಯ ಪಕ್ಕ ಇಡಿಸಿದಳು. ಅದರ ಮೇಲಿನ ಮುಚ್ಚಳ ತೆಗೆಯಲಿಲ್ಲ ಅಕ್ಕ. ಸದ್ದಾಗುತ್ತದೆ, ನಿಮಗೆ ತೊಂದರೆ ಅಂದಳು. ಸ್ನಾನಕ್ಕೆ ಎಲ್ಲರದೂ ಆಗುವ ತನಕ ಕಾಯುವಳು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ‘ಒಂದು ಲೋಟ ನೀರು ತಗೊಳ್ಳಲೇನಮ್ಮ?’ ಎಂದು ಕೇಳುವಳು. ಹೆಂಡತಿ ಒಂದು ದಿನ ಅತ್ತುಬಿಟ್ಟಳು. ‘ಅತ್ತಿಗೆ, ನೀವು ಹೀಗೆ ಕೇಳಿದ್ರೆ ನನಗೆ ಹೊಡೆದ ಹಾಗಾಗುತ್ತೆ’ ಅಂದಳು. ‘ಇಲ್ಲಮ್ಮ, ಇನ್ನು ಕೇಳಲ್ಲ’ ಅಂದ ಅಕ್ಕ ಅದಕ್ಕೂ ಹೆದರಿದವಳಂತೆ ಕಂಡಳು.

ಒಂದು ಭಾನುವಾರ ಬೆಳಿಗ್ಗೆ ವಕೀಲರು ಪತ್ರಿಕೆ ಹಿಡಿದು ಕೂತಿದ್ದರು. ಸೆಕೆ. ಅಕ್ಕ ತನ್ನ ಕೋಣೆಯಿಂದ ಹೊರಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸುತ್ತಿಗೆ ಹಿಡಿದು ಬೀಗ ಒಡೆದವಳು.

‘ಆ ಕಿಟಕಿ ಸ್ವಲ್ಪ ತೆಗೀಲಾ ಅಂತ…’

ವಕೀಲರು ಪತ್ರಿಕೆ ಮಡಚಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತೆಗಿ ಅಕ್ಕಾ, ಇದು ನಿನ್ನದೇ ಮನೆ ಅನ್ನೋಣವೆಂದು ಮುಖ ಎತ್ತಿದರು.

‘ಬೇಡ ಬಿಡು, ಬೇಡ’ ಅಂದಳು ಅಕ್ಕ ಗಡಿಬಿಡಿಯಿಂದ, ಅವರು ಬಾಯಿ ತೆರೆಯುವ ಮೊದಲೇ. ‘ಏನೂ ಇಲ್ಲ, ಸುಮ್ನೆ ಕೇಳ್ದೆ.’ ತಿರುಗಿ ಕೋಣೆಯೊಳಗೆ ಹೋಗಿ ಸದ್ದಾಗದಂತೆ ಬಾಗಿಲು ಮುಚ್ಚಿಕೊಂಡಳು.